ಬಿಳಿ ಸೀಟಿನ ಗುಲಾಬಿ ಕಲೆ ಎಲ್ಲಿಂದ ಬಂತು?

ಹೊನ್ನಾವರದ ಶರಾವತಿ ಅಳಿವೆಯಲ್ಲಿ ನನ್ನ ಭಾವನಿಗೆ ಒಂದು ಪ್ರವಾಸಿ ದೋಣಿ ಇದೆ. ಕಾಂಡ್ಲಾ ಗಿಡಗಳ ನಡುವೆ ಒಂದು ಸುತ್ತು ಹಾಕಿಸಿ ತರುವ ದೋಣಿ. ಮಳೆಗಾಲದಲ್ಲಿ ಅದಕ್ಕೆ ಕೆಲಸ ಇಲ್ಲ. ಜೂನ್‌ನಲ್ಲಿ ದಡಕ್ಕೆ ಎಳೆದು, ನೀಲಿ ಟಾರ್ಪಲ್ ಹೊದಿಸಿ, ಗಾಳಿ ನುಗ್ಗದ ಹಾಗೆ ಹಗ್ಗ ಬಿಗಿದಿದ್ದ. ಸೆಪ್ಟೆಂಬರ್‌ನಲ್ಲಿ ಬಿಚ್ಚುವ ದಿನ ನಾನೂ ಹೋಗಿದ್ದೆ. ಟಾರ್ಪಲ್ ಎಳೆದ ಕೂಡಲೇ ಮೊದಲು ಬಂದಿದ್ದು ವಾಸನೆ. ಒದ್ದೆ ಗೋಣಿಚೀಲದ ವಾಸನೆ. ಆಮೇಲೆ ಕಣ್ಣಿಗೆ ಬಿದ್ದಿದ್ದು ಸೀಟು. ಹಿಂದಿನ ವರ್ಷವಷ್ಟೇ ಹಾಕಿಸಿದ್ದ ಬಿಳಿ ಸೀಟುಗಳ ಮೇಲೆ ಗುಲಾಬಿ ಬಣ್ಣದ ಮಚ್ಚೆಗಳು. ಕೆಲವು ಹಳೇ ನಾಲ್ಕಾಣೆಯಷ್ಟು, ಕೆಲವು ಅಂಗೈಯಷ್ಟು ಅಗಲ.

"ಪೂಜೆ ಮಾಡಿದಾಗ ಯಾರೋ ಕುಂಕುಮ ಚೆಲ್ಲಿರಬೇಕು" ಎಂದ ಭಾವ. ನನಗೂ ಹಾಗೇ ಅನಿಸಿತು.

ತಿಕ್ಕಿದೆವು. ಮೊದಲು ಸೋಪುಪುಡಿ, ಆಮೇಲೆ ಪಾತ್ರೆ ತಿಕ್ಕುವ ನಾರು. ಕಲೆ ಅಲುಗಲಿಲ್ಲ. ಬ್ಲೀಚಿಂಗ್ ಪೌಡರ್ ಕಲಸಿ ಬಳಿದೆವು. ಕೈಯ ಚರ್ಮ ಸುಲಿಯಿತೇ ಹೊರತು ಕಲೆ ಹೋಗಲಿಲ್ಲ. ಪಕ್ಕದ ದೋಣಿಯವರು ಪೇಂಟಿಗೆ ಬೆರೆಸುವ ಥಿನ್ನರ್ ತಂದುಕೊಟ್ಟರು. ಅದರಲ್ಲಿ ಒರೆಸಿದರೆ ಸೀಟಿನ ಹೊಳಪೇ ಬಟ್ಟೆಗೆ ಬಂತು, ಒರೆಸಿದ ಜಾಗ ಅಂಟಂಟಾಯಿತು. ಗುಲಾಬಿ ಮಾತ್ರ ಇದ್ದ ಹಾಗೇ ಇತ್ತು.

ಕೊನೆಗೆ ಒಂದು ಸೀಟು ಕಿತ್ತು, ರೆಕ್ಸಿನ್ ಹೊಲಿಯುವವರ ಅಂಗಡಿಗೆ ಒಯ್ದೆವು. ಅಲ್ಲಿದ್ದ ಹಿರಿಯರು ಕಲೆಯನ್ನು ಬೆರಳಲ್ಲಿ ಮುಟ್ಟಿಯೂ ನೋಡಲಿಲ್ಲ. ಸೀಟನ್ನು ಬೋರಲು ಹಾಕಿದರು. ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದೇ ಪಿನ್ ಎಬ್ಬಿಸಿದರು. ಅರ್ಧಕ್ಕರ್ಧ ಪಿನ್ನುಗಳು ತುಕ್ಕು ಹಿಡಿದು ಮುರಿದೇ ಬಂದವು. ರೆಕ್ಸಿನ್ನನ್ನು ಮೊಲದ ತೊಗಲು ಸುಲಿದ ಹಾಗೆ ಹಿಂದಕ್ಕೆ ಸುಲಿದರು. ಒಳಗಿನ ಫೋಮನ್ನು ಹೆಬ್ಬೆರಳಲ್ಲಿ ಒತ್ತಿದರು. ನೀರು ಜಿನುಗಿತು. ಎರಡು ದಿನದಿಂದ ಬಿಸಿಲಿಗೆ ಇಟ್ಟಿದ್ದ ಸೀಟು ಅದು, ಮೇಲೆ ಬೆಣ್ಣೆ ಕಾಗದದಷ್ಟು ಒಣಗಿತ್ತು. ಕೆಳಗಿನ ಪ್ಲೈವುಡ್ ಅಂಚಿನಲ್ಲಿ ಕರ್ರಗಾಗಿ, ಉಗುರು ಹಾಕಿದರೆ ಪದರ ಪದರವಾಗಿ ಬರುತ್ತಿತ್ತು.

ಆಮೇಲೆ ರೆಕ್ಸಿನ್ನಿನ ಹಿಂಭಾಗ ತಿರುಗಿಸಿ ತೋರಿಸಿದರು. ಅಲ್ಲಿ ಬನಿಯನ್ ಬಟ್ಟೆಯಂಥ ಒಂದು ಹೆಣಿಗೆಯ ಅಸ್ತರಿ ಇರುತ್ತದೆ. ಅದರ ಮೇಲೆ ಗುಲಾಬಿ, ಕೆಂಪು, ಅಲ್ಲಲ್ಲಿ ಬೂದು ಬಣ್ಣದ ಗುಪ್ಪೆಗಳು. ಮುಂದಿನ ಒಂದು ಮಚ್ಚೆಯ ನಡುವೆ ಸೂಜಿ ಚುಚ್ಚಿ ಹಿಂದೆ ತೆಗೆದರು. ಸೂಜಿ ಬಂದಿದ್ದು ಸರಿಯಾಗಿ ಒಂದು ಗುಪ್ಪೆಯ ಮಧ್ಯಕ್ಕೆ.

ಕಲೆ ಮೇಲೆ ಬಿದ್ದಿದ್ದಲ್ಲ. ಹಿಂದಿನಿಂದ ಬಂದಿದ್ದು. ನಾವು ಗೋಡೆಯ ಆಚೆ ಹತ್ತಿದ ಬೆಂಕಿಗೆ ಈಚೆಯಿಂದ ನೀರು ಎರಚುತ್ತಿದ್ದೆವು.

ರೆಕ್ಸಿನ್ ಅಂದರೆ ಏನು

ಇದು ಅರ್ಥ ಆಗಬೇಕಾದರೆ ಆ ಬಟ್ಟೆ ಏನು ಅಂತ ಸ್ವಲ್ಪ ನೋಡಬೇಕು. ನಾವು ಆಟೋ ಸೀಟು, ಸ್ಕೂಟರ್ ಸೀಟು, ಸೋಫಾ ಎಲ್ಲದಕ್ಕೂ ರೆಕ್ಸಿನ್ ಅಂತಲೇ ಹೇಳುತ್ತೇವೆ. ಮೂಲದಲ್ಲಿ ಅದು ಇಂಗ್ಲೆಂಡಿನ ಒಂದು ಬ್ರ್ಯಾಂಡ್ ಹೆಸರು, ಬಟ್ಟೆಗೆ ನೈಟ್ರೋಸೆಲ್ಯುಲೋಸ್ ಬಳಿದು ಮಾಡುತ್ತಿದ್ದ ನಕಲಿ ಚರ್ಮ. ಈಗ ಆ ಹೆಸರಲ್ಲಿ ನಾವು ಕೊಳ್ಳುವುದು ಹೆಚ್ಚಾಗಿ ವಿನೈಲ್. ಅಂದರೆ ಪಿವಿಸಿ. ನೀರಿನ ಪೈಪು ಯಾವುದರದ್ದೋ ಸೀಟಿನ ಹೊದಿಕೆಯೂ ಅದರದ್ದೇ.

ಪಿವಿಸಿ ಮೊದಲು ಕಣ್ಣಿಗೆ ಬಿದ್ದಿದ್ದು 1872ರಲ್ಲಿ. ಓಯ್ಗನ್ ಬೌಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಬಿಸಿಲಿಗೆ ಇಟ್ಟಿದ್ದ ವಿನೈಲ್ ಕ್ಲೋರೈಡಿನ ಗಾಜಿನ ಬುರುಡೆಯೊಳಗೆ ಬಿಳಿ ಗಟ್ಟಿ ಪದಾರ್ಥ ಕಂಡರು. ಬಿಸಿಲಲ್ಲೇ ಹುಟ್ಟಿದ ವಸ್ತು ಬಿಸಿಲಿಗೇ ಹಾಳಾಗುತ್ತದೆ ಅನ್ನುವುದು ತಮಾಷೆಯೇ. ಆದರೆ ಅದು ಗಟ್ಟಿ, ಪೆಡಸು. ಯಾರಿಗೂ ಬೇಕಾಗಲಿಲ್ಲ. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೊ ಸೆಮನ್ ಎಂಬುವರು ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕುತ್ತಿದ್ದರು. ಪಿವಿಸಿಯನ್ನು ಒಂದು ದ್ರವದಲ್ಲಿ ಕಾಯಿಸಿದರು. ಗೋಂದು ಆಗಲಿಲ್ಲ. ತಣಿದಾಗ ಸಿಕ್ಕಿದ್ದು ಬಗ್ಗುವ, ಎಳೆದರೆ ಎಳೆಯುವ ಜೆಲ್ಲಿಯಂಥ ವಸ್ತು. ಇವತ್ತಿನ ಮೆತ್ತನೆಯ ವಿನೈಲ್ ಎಲ್ಲ ಅದರ ಸಂತತಿ.

ಮೆತ್ತಗಾಗಿಸುವ ಆ ದ್ರವಕ್ಕೆ ಪ್ಲಾಸ್ಟಿಸೈಜರ್ ಅಂತಾರೆ. ಎಣ್ಣೆಯಂಥದ್ದು. ಸೀಟಿನ ವಿನೈಲ್‌ನಲ್ಲಿ ತೂಕದ ಮೂರನೇ ಒಂದು ಭಾಗದವರೆಗೂ ಅದೇ ಇರಬಹುದು. ಚಪಾತಿ ಹಿಟ್ಟಿಗೆ ಎಣ್ಣೆ ಹಾಕಿ ನಾದಿದಾಗ ಎಣ್ಣೆ ಎಲ್ಲ ಕಡೆ ಸೇರಿ ಹೋಗುತ್ತದಲ್ಲ, ಹಾಗೆ ಪಿವಿಸಿಯ ಎಳೆಗಳ ನಡುವೆ ಸೇರಿಕೊಂಡಿರುತ್ತದೆ. ಅಂಟಿಕೊಂಡಿರುವುದಿಲ್ಲ, ಸುಮ್ನೆ ನಡುವೆ ಕೂತಿರುತ್ತದೆ. ಹೊಸ ಕಾರಿನ, ಹೊಸ ಬ್ಯಾಗಿನ ವಾಸನೆಯಲ್ಲಿ ಅದರ ಪಾಲೂ ಇದೆ.

ಒಂದು ತುಂಡು ವಿನೈಲ್‌ನ ಕತ್ತರಿಸಿದ ಅಂಚನ್ನು ಹತ್ತಿರ ಹಿಡಿದು ನೋಡಿ. ಹಿಂದೆ ಹೆಣಿಗೆಯ ಬಟ್ಟೆ. ಅದರ ಮೇಲೆ ಸಣ್ಣ ಗುಳ್ಳೆಗಳಿರುವ ನೊರೆಯಂಥ ಪಿವಿಸಿ ಪದರ. ಅದರ ಮೇಲೆ ಗಟ್ಟಿ ಪಿವಿಸಿ ಚರ್ಮ, ಬಣ್ಣ ಇರುವುದು ಅದರಲ್ಲಿ. ಎಲ್ಲಕ್ಕಿಂತ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಇನ್ನೊಂದು ಲೇಪ, ಕೆಲವೇ ಮೈಕ್ರಾನ್ ದಪ್ಪ. ಕೊಳೆ ಹಿಡಿಯದ ಹಾಗೆ, ಎಣ್ಣೆ ಹೊರಗೆ ಬಾರದ ಹಾಗೆ, ಬಿಸಿಲು ಒಳಗೆ ಇಳಿಯದ ಹಾಗೆ ಕಾಯುವುದು ಈ ಲೇಪವೇ. ನಾವು ಥಿನ್ನರ್‌ನಲ್ಲಿ ಒರೆಸಿ ತೆಗೆದಿದ್ದೂ ಇದನ್ನೇ.

ಗುಲಾಬಿ ಬಣ್ಣ ಮಾಡುವವರು

ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಒಂದು ವಾಸನೆ ಏಳುತ್ತದೆ. ಅದನ್ನು ಮಾಡುವುದು ಮಣ್ಣಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಗುಂಪು. ವಾಸನೆಯ ವಸ್ತುವಿನ ಹೆಸರು ಜಿಯೊಸ್ಮಿನ್. ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಔಷಧಿ ಸಿಕ್ಕಿದ್ದೂ ಈ ಗುಂಪಿನಿಂದಲೇ. ನಮ್ಮ ಸೀಟಿಗೆ ಗುಲಾಬಿ ಬಳಿದವರೂ ಇವರೇ ಇರಬೇಕು. ಈ ಗುಂಪಿನ ಕೆಲವು ಜಾತಿಗಳು ಕೆಂಪು ಬಣ್ಣದ ವಸ್ತುಗಳನ್ನು ತಯಾರಿಸುತ್ತವೆ. ಒದ್ದೆ ಫೋಮ್, ಅಸ್ತರಿ ಬಟ್ಟೆ, ಕೊಳೆಯುವ ಮರ, ಕತ್ತಲು, ಬೆಚ್ಚನೆಯ ಗಾಳಿ ಇಷ್ಟು ಸಿಕ್ಕರೆ ಸಾಕು, ಸಂಸಾರ ಹೂಡುತ್ತವೆ. ಪಿವಿಸಿಯನ್ನು ತಿನ್ನುವುದು ಅವಕ್ಕೆ ಆಗದು. ಆದರೆ ಅದರೊಳಗಿನ ಪ್ಲಾಸ್ಟಿಸೈಜರ್, ಬೆವರು, ಚೆಲ್ಲಿದ ತಿಂಡಿಯ ಜಿಡ್ಡು ಇವೆಲ್ಲ ಊಟವೇ.

ಈಗ ಮುಖ್ಯ ವಿಷಯ. ಆ ಬಣ್ಣ ನೀರಿಗಿಂತ ಎಣ್ಣೆಯನ್ನು ಹೆಚ್ಚು ಇಷ್ಟಪಡುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹುಳಿ, ಪಲ್ಯ ಹಾಕಿಟ್ಟರೆ ಡಬ್ಬಿ ಹಳದಿಯಾಗುತ್ತದೆ. ಎಷ್ಟು ತೊಳೆದರೂ ಹೋಗದು, ಅಲ್ವಾ? ಅರಿಶಿನದ ಬಣ್ಣ ಒಗ್ಗರಣೆಯ ಎಣ್ಣೆಯಲ್ಲಿ ಕರಗಿ ಪ್ಲಾಸ್ಟಿಕ್ಕಿನೊಳಗೆ ಇಳಿದಿರುತ್ತದೆ. ನೀರು, ಸೋಪು ಅಲ್ಲಿಗೆ ಮುಟ್ಟುವುದಿಲ್ಲ. ಸೀಟಿನಲ್ಲೂ ಇದೇ ಕತೆ. ಬ್ಯಾಕ್ಟೀರಿಯಾ ಹಿಂದೆ ಅಸ್ತರಿಯ ಮೇಲೇ ಇರುತ್ತದೆ, ಬಣ್ಣ ಮಾತ್ರ ಪ್ಲಾಸ್ಟಿಸೈಜರ್ ದಾರಿ ಹಿಡಿದು ವಿನೈಲಿನ ಒಂದೊಂದೇ ಪದರ ದಾಟಿ ಮುಂದೆ ಬರುತ್ತದೆ. ನೀವು ನೋಡುವ ಹೊತ್ತಿಗೆ ಅದು ಮೇಲೆ ಕೂತಿಲ್ಲ, ವಿನೈಲಿನ ಮೈಯಲ್ಲೇ ಇದೆ. ಬ್ಲೀಚ್ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು ಹೌದು, ಆದರೆ ಅದು ಇರುವ ಜಾಗಕ್ಕೆ ಬ್ಲೀಚ್ ಹೋಗುವುದೇ ಇಲ್ಲ.

ಅರಿಶಿನದ ಕಲೆ ಬಿಸಿಲಿಗೆ ಇಟ್ಟರೆ ಮಾಸುತ್ತದೆ ಅಂತ ನಮ್ಮ ಅಮ್ಮಂದಿರಿಗೆ ಗೊತ್ತು. ಗುಲಾಬಿ ಕಲೆಯೂ ಕೆಲವೊಮ್ಮೆ ಬಿಸಿಲಿಗೆ ಸ್ವಲ್ಪ ತಿಳಿಯಾಗುತ್ತದೆ. ಆದರೆ ಒಳಗಿನ ಕಾರ್ಖಾನೆ ನಿಂತಿರದಿದ್ದರೆ ಮತ್ತೆ ಬರುತ್ತದೆ.

ಇದು ನಮ್ಮ ಕರಾವಳಿಯ ಪೀಡೆ ಮಾತ್ರ ಅಲ್ಲ. ಇದಕ್ಕೇ ಅಂತ ಒಂದು ಪರೀಕ್ಷೆಯ ಮಾನದಂಡ ಇದೆ, ಎಎಸ್‌ಟಿಎಂ ಇ1428. ವಿನೈಲ್ ತುಂಡಿನ ಮೇಲೆ ಸ್ಟ್ರೆಪ್ಟೊಮೈಸಿಸ್ ಬೆಳೆಸಿ ಗುಲಾಬಿ ಕಲೆ ಬರುತ್ತದೋ ಇಲ್ಲವೋ ನೋಡುತ್ತಾರೆ. ದೋಣಿಗೆ ಅಂತಲೇ ಮಾಡಿದ ಮರೀನ್ ವಿನೈಲಿನೊಳಗೆ ಸೂಕ್ಷ್ಮಜೀವಿ ಬೆಳೆಯದಂತೆ ಔಷಧಿ ಬೆರೆಸಿರುತ್ತಾರೆ. ಬಹಳ ಕಾಲ ಬಳಸಿದ್ದು ಒಬಿಪಿಎ ಎಂಬ ಆರ್ಸೆನಿಕ್ ಇರುವ ವಸ್ತು. ಸತುವಿನ ಪೈರಿಥಿಯೋನ್‌ನಂಥ ಬೇರೆ ವಸ್ತುಗಳೂ ಇವೆ. ಅಂಗಡಿಯಲ್ಲಿ "ಇದೂ ವಾಟರ್‌ಪ್ರೂಫೇ" ಅಂತ ಸೋಫಾ ರೆಕ್ಸಿನ್ ಕೊಟ್ಟರೆ, ಅದು ಸುಳ್ಳಲ್ಲ. ನೀರು ತಡೆಯುತ್ತದೆ. ಆದರೆ ಈ ಔಷಧಿಯೂ ಬಿಸಿಲು ತಡೆಯುವ ವಸ್ತುಗಳೂ ಸೋಫಾಗೆ ಬೇಕಿಲ್ಲದ್ದರಿಂದ ಅದರಲ್ಲಿ ಇರಬೇಕೆಂದಿಲ್ಲ. ಭಾವ ಹಾಕಿಸಿದ್ದು ಅಂಥದ್ದೇ ಎಂದು ಆಮೇಲೆ ಗೊತ್ತಾಯಿತು. ಮೀಟರಿಗೆ ಉಳಿದ ದುಡ್ಡು ಎಷ್ಟು ಅಂತ ಅವನು ಈಗಲೂ ಹೇಳುವುದಿಲ್ಲ.

ಮರೀನ್ ವಿನೈಲಿನ ಔಷಧಿಯೂ ಅಮೃತ ಅಲ್ಲ. ವರ್ಷ ಕಳೆದ ಹಾಗೆ ಅದರ ಜೋರು ಕಡಿಮೆಯಾಗುತ್ತದೆ. ಅದಕ್ಕೇ ಒಣಗಿಸುವುದನ್ನು ಬಿಟ್ಟು ಬೇರೆ ದಾರಿಯಿಲ್ಲ.

ನೀರು ಒಳಗೆ ಹೋಗುವ ದಾರಿ

ವಿನೈಲ್ ವಾಟರ್‌ಪ್ರೂಫ್ ಆದರೆ ಫೋಮಿನೊಳಗೆ ನೀರು ಹೇಗೆ ಹೋಯಿತು? ಹೊಲಿಗೆಯಿಂದ. ಒಂದು ಅಡಿ ಹೊಲಿಗೆಯಲ್ಲಿ ಹತ್ತಾರು ಸೂಜಿ ತೂತು. ದಾರ ಬತ್ತಿಯ ಹಾಗೆ ನೀರು ಎಳೆಯುತ್ತದೆ. ಸೀಟಿನ ಅಂಚಿಗೆ ದುಂಡಗೆ ಹೊಲಿಯುವ ಪಟ್ಟಿಗೆ ಪೈಪಿಂಗ್ ಅಂತಾರೆ, ಅದರ ಒಳಗೆ ಹತ್ತಿಯ ಹುರಿ ಇದ್ದರಂತೂ ಮುಗಿಯಿತು, ಅದು ನೀರು ಕುಡಿದು ಉದ್ದಕ್ಕೂ ಹಂಚುತ್ತದೆ. ಗುಲಾಬಿ ಕಲೆ ಬಹಳ ಸಲ ಹೊಲಿಗೆಯ ಸಾಲಿನಲ್ಲೇ ಶುರುವಾಗುವುದು ಇದಕ್ಕೇ. ಜನ ಒದ್ದೆ ಬಟ್ಟೆಯಲ್ಲಿ ಕೂತರೆ ಫೋಮ್ ಪಂಪಿನ ಹಾಗೆ ಕೆಲಸ ಮಾಡುತ್ತದೆ. ಕೂತಾಗ ಒಳಗಿನ ಗಾಳಿ ಹೊರಗೆ, ಎದ್ದಾಗ ಹೊಲಿಗೆಯ ಮೇಲಿನ ನೀರು ಒಳಗೆ.

ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಕಡಿಮೆ. ಮೇಲೆ ವಿನೈಲ್, ಕೆಳಗೆ ಪ್ಲೈವುಡ್. ಇನ್ನು ಉಪ್ಪುನೀರಿನ ಕಡೆ ಇನ್ನೊಂದು ಕಾಟ ಇದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುತ್ತದಲ್ಲ, ಗಾಳಿಯ ತೇವ ಸುಮಾರು ಶೇ. 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗಲು ಶುರುಮಾಡುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಸೇರಿರುವುದರಿಂದ ಅದಕ್ಕೂ ಮೊದಲೇ ಒದ್ದೆಯಾಗುತ್ತದೆ. ಕರಾವಳಿಯ ಜೂನ್, ಜುಲೈನಲ್ಲಿ ಗಾಳಿಯ ತೇವ 75ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಅಂದರೆ ಉಪ್ಪು ಕುಡಿದ ಫೋಮ್ ಮಳೆ ತಾಗದಿದ್ದರೂ ಒಣಗುವುದಿಲ್ಲ. ಮಳೆಗಾಲಕ್ಕೆ ಕಟ್ಟಿಡುವ ಮೊದಲು ಸೀಟನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಮೇ ತಿಂಗಳ ಬಿಸಿಗಾಳಿಯಲ್ಲೇ ಒಣಗಿಸಬೇಕು. ಜೂನ್ ಬಂದ ಮೇಲೆ ತೊಳೆದರೆ ಹೊಸ ನೀರು ಹಾಕಿದ ಹಾಗೆ, ಅಷ್ಟೇ.

ಟಾರ್ಪಲ್ ವಿಷಯ ಹೇಳಲೇಬೇಕು. ನಮ್ಮ ದೋಣಿ ಕೆಟ್ಟಿದ್ದರಲ್ಲಿ ಮಳೆಗಿಂತ ಟಾರ್ಪಲ್ ಪಾಲೇ ಜಾಸ್ತಿ ಅಂತ ನನ್ನ ಲೆಕ್ಕ. ಸೀಟಿಗೆ ತಾಗುವ ಹಾಗೆ ಬಿಗಿದ ಪ್ಲಾಸ್ಟಿಕ್ ಹಾಳೆ ಮಳೆ ತಡೆಯಿತು, ಆದರೆ ಒಳಗಿನ ತೇವವನ್ನೂ ಹೊರಗೆ ಬಿಡಲಿಲ್ಲ. ಹಗಲು ಕಾದು ಆವಿ ಎದ್ದಿದ್ದು ರಾತ್ರಿ ತಣಿದು ಹಾಳೆಯ ಕೆಳಗೆ ಹನಿಗಟ್ಟಿ ಮತ್ತೆ ಸೀಟಿನ ಮೇಲೇ ಬಿತ್ತು. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಆಗುವುದೇ ಇಲ್ಲೂ ಆಗುವುದು. ಮೂರು ತಿಂಗಳು ನಾವು ಸೀಟುಗಳನ್ನು ಹಬೆಯಲ್ಲಿ ಇಟ್ಟಿದ್ದೆವು.

ಅಮೆರಿಕದ ಮಿನ್ನೆಸೋಟಾ, ಮಿಷಿಗನ್ ಕಡೆ ಕೆರೆಗಳಲ್ಲಿ ಪಾಂಟೂನ್ ದೋಣಿ (ತೇಲುವ ಕೊಳವೆಗಳ ಮೇಲೆ ಚಪ್ಪಟೆ ಅಟ್ಟ ಕೂರಿಸಿದ ದೋಣಿ) ಇಟ್ಟುಕೊಂಡಿರುವವರಿಗೂ ಇದೇ ತೊಂದರೆ, ಕಾಲ ಮಾತ್ರ ಬೇರೆ. ಅಲ್ಲಿ ಚಳಿಗಾಲಕ್ಕೆ ದೋಣಿಯನ್ನು ಪೂರ್ತಿ ಪ್ಲಾಸ್ಟಿಕ್ ಸುತ್ತಿ ಬಿಗಿ ಮಾಡುತ್ತಾರೆ. ಗಾಳಿಕಿಂಡಿ ಇಡದೆ ಸುತ್ತಿದರೆ, ಹಿಮ ಕರಗಿ ಬಿಚ್ಚುವಾಗ ಒಳಗೆ ಬೂಷ್ಟು ಕಾಯುತ್ತಿರುತ್ತದೆ.

ನಾವು ಈಗ ಮಾಡುವುದು ಇಷ್ಟು. ಬಿಚ್ಚಲು ಬರುವ ಸೀಟುಗಳೆಲ್ಲ ಮನೆಗೆ ಬರುತ್ತವೆ. ಗೋಡೆಗೆ ಒರಗಿಸದೆ, ನಡುವೆ ಜಾಗ ಬಿಟ್ಟು, ಹೊಲಿಗೆಯ ಅಂಚು ಕೆಳಗೆ ಬರುವ ಹಾಗೆ ನಿಲ್ಲಿಸುತ್ತೇವೆ. ನೀರು ಇಳಿಯಲಿ ಅಂತ. ಮಧ್ಯೆ ಮಧ್ಯೆ ಫ್ಯಾನ್ ಹಾಕುತ್ತೇವೆ. ಮಾವ ಅವನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಅಂದರು. ಅಲ್ಲಿ ಬೆಚ್ಚಗೆ ಇರುತ್ತದೆ ನಿಜ, ಕೊಬ್ಬರಿ ಒಣಗಿಸಲು ಸರಿ. ಬಿಳಿ ವಿನೈಲಿಗೆ ಹೊಗೆ ಕೂತರೆ ಬೇರೆಯೇ ರಾಮಾಯಣ. ಬಿಚ್ಚಲು ಬಾರದ ಬೆಂಚುಗಳಿಗೆ ಗಾಳಿಯಾಡುವ ಕ್ಯಾನ್ವಾಸ್ ಥರದ ಹೊದಿಕೆ ಹಾಕಿ, ಮಧ್ಯೆ ಬಿದಿರು ನಿಲ್ಲಿಸಿ ಮನೆಯ ಮಾಡಿನ ಹಾಗೆ ಎತ್ತಿದ್ದೇವೆ. ಮಳೆ ಎರಡೂ ಕಡೆ ಜಾರುತ್ತದೆ, ಎರಡು ತುದಿಯಿಂದ ಗಾಳಿ ಹಾಯುತ್ತದೆ. ಸೀಟಿನ ಕೆಳಗಿನ ಪೆಟ್ಟಿಗೆಗಳ ಮುಚ್ಚಳ ತೆಗೆದೇ ಇಡುತ್ತೇವೆ.

ಹಳದಿಯ ಕತೆ ಬೇರೆ

ಎಲ್ಲ ಕಲೆಯೂ ಒಳಗಿನಿಂದ ಬರುವುದಲ್ಲ. ಮೇಲೆ ಕಪ್ಪು ಚುಕ್ಕಿ ಚುಕ್ಕಿಯಾಗಿ ಬಂದರೆ ಅದು ಸಾಮಾನ್ಯ ಬೂಷ್ಟು. ಮೇಲಿನ ಜಿಡ್ಡು, ಧೂಳು ತಿಂದು ಬೆಳೆಯುತ್ತದೆ. ತುಂಬಾ ತೆಳು ಮಾಡಿದ ಬ್ಲೀಚನ್ನು ಹತ್ತಿಯಲ್ಲಿ ಅದ್ದಿ ಒಂದು ಚುಕ್ಕಿಗೆ ಮುಟ್ಟಿಸಿ, ಒಂದೆರಡು ನಿಮಿಷದಲ್ಲಿ ಮಾಸಿದರೆ ಬೂಷ್ಟು ಎಂದೇ ಲೆಕ್ಕ. ಮಾಸದಿದ್ದರೆ ಮಸಿ, ಡಾಂಬರು ಇನ್ನೇನೋ. ಅಂಚಿನಲ್ಲಿ ಕಂದು ಕಲೆ ಬಂದರೆ ಪಿನ್ನಿನ ತುಕ್ಕು ಅಥವಾ ಕೊಳೆಯುವ ಮರದ ಒಗರು. ನೀಲಿ ಕಂಡರೆ ಯಾರದೋ ಹೊಸ ಜೀನ್ಸ್. ಒದ್ದೆ ಜೀನ್ಸಿನ ಬಣ್ಣ ಬೆಚ್ಚಗಿನ ವಿನೈಲಿಗೆ ಬೇಗ ಹತ್ತುತ್ತದೆ, ಅವತ್ತೇ ಸೋಪುನೀರಲ್ಲಿ ಒರೆಸದಿದ್ದರೆ ಅದೂ ಒಳಗೆ ಇಳಿಯುತ್ತದೆ.

ಹಳದಿಗೆ ಮುಖ್ಯ ಕಾರಣ ಬಿಸಿಲು. ಪಿವಿಸಿ ಅಂದರೆ ಇಂಗಾಲದ ಉದ್ದನೆಯ ಸರಪಳಿ, ಒಂದು ಬಿಟ್ಟು ಒಂದು ಇಂಗಾಲಕ್ಕೆ ಒಂದು ಕ್ಲೋರಿನ್ ನೇತಾಡುತ್ತಿರುತ್ತದೆ. ತೂಕದಲ್ಲಿ ಶೇ. 57ರಷ್ಟು ಕ್ಲೋರಿನ್ನೇ. ನೇರಳಾತೀತ ಕಿರಣ ಅಥವಾ ಜೋರು ಬಿಸಿ ತಾಗಿದರೆ ಒಂದು ಕ್ಲೋರಿನ್ ಪಕ್ಕದ ಹೈಡ್ರೋಜನ್ನನ್ನು ಜತೆಗೆ ಕರಕೊಂಡು ಕಿತ್ತು ಹೋಗುತ್ತದೆ. ಎರಡೂ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ. ಹೋದ ಜಾಗದಲ್ಲಿ ಇಂಗಾಲಗಳ ನಡುವೆ ಜೋಡಿ ಬಂಧ ಉಳಿಯುತ್ತದೆ. ಒಂದು ಕಿತ್ತರೆ ಪಕ್ಕದ್ದು ಸಡಿಲ, ಅದು ಹೋದರೆ ಅದರ ಪಕ್ಕದ್ದು. ಹೊಲಿಗೆಯ ಒಂದು ಗಂಟು ಬಿಚ್ಚಿದರೆ ಸಾಲೇ ಬಿಚ್ಚಿ ಬರುತ್ತದಲ್ಲ, ಹಾಗೆ. ಹೊರಬಿದ್ದ ಆಮ್ಲ ಸುಮ್ಮನಿರದೆ ಇನ್ನಷ್ಟು ಬಿಚ್ಚಲು ಸಹಾಯ ಮಾಡುತ್ತದೆ. ಹೀಗೆ ಏಳೆಂಟು ಜೋಡಿ ಬಂಧ ಸಾಲಾಗಿ ಬಂದಾಗ ಆ ತುಂಡು ಬೆಳಕಿನ ನೀಲಿ ಭಾಗವನ್ನು ಹೀರಲು ಶುರುಮಾಡುತ್ತದೆ. ಬಿಳಿಯಲ್ಲಿ ನೀಲಿ ಕಳೆದರೆ ಉಳಿಯುವುದು ಹಳದಿ. ಸಾಲು ಇನ್ನೂ ಉದ್ದವಾದರೆ ಕಿತ್ತಳೆ, ಕಂದು.

ಇದನ್ನು ತಡೆಯಲು ತಯಾರಕರು ಕ್ಯಾಲ್ಸಿಯಂ-ಸತು, ಬೇರಿಯಂ-ಸತುವಿನ ಲವಣಗಳನ್ನು ಬೆರೆಸುತ್ತಾರೆ, ಅವು ಆಮ್ಲವನ್ನು ಹಿಡಿದು ಕೂರಿಸುತ್ತವೆ. ಬಿಳಿ ಬಣ್ಣ ಕೊಡುವ ಟೈಟಾನಿಯಂ ಡೈಆಕ್ಸೈಡ್ ನೇರಳಾತೀತ ಕಿರಣವನ್ನು ತಾನೇ ನುಂಗುತ್ತದೆ. ನಮ್ಮ ಕೆಲಸ ನೆರಳು ಕೊಡುವುದು. ಕೆಲಸ ಇಲ್ಲದ ಹೊತ್ತಲ್ಲಿ ಸೀಟಿನ ಮೇಲೆ ಬಟ್ಟೆ, ಮೇಲೊಂದು ಚಪ್ಪರ. ನೇರಳಾತೀತ ತಡೆಯುವ ವಿನೈಲ್ ಪಾಲಿಶುಗಳು ಸಿಗುತ್ತವೆ, ನೀರಿನಲ್ಲಿ ಕಲಸಿದಂಥವು ಒಳ್ಳೆಯದು. ಆದರೆ ಅವು ನಾಲ್ಕಾರು ವಾರಕ್ಕೊಮ್ಮೆ ಮತ್ತೆ ಹಚ್ಚಬೇಕಾದ ಸೇವೆ. ನನ್ನನ್ನು ಕೇಳಿದರೆ ಒಂದು ಮೀಟರ್ ನೆರಳು ಹತ್ತು ಬಾಟಲಿ ಪಾಲಿಶಿಗೆ ಸಮ.

ಬಿಸಿಲೇ ಬೀಳದ ಜಾಗದಲ್ಲಿ ಹಳದಿ ಬಂದರೆ ಬೇರೆ ಕಳ್ಳನನ್ನು ಹುಡುಕಬೇಕು. ನಮ್ಮಲ್ಲಿ ಒಂದು ಬೆಂಚಿನ ಮೇಲೆ ಸರಿಯಾಗಿ ಚೌಕಾಕಾರದ ಕಂದುಹಳದಿ ಗುರುತು ಬಂದಿತ್ತು. ಅಳೆದು ನೋಡಿದರೆ ಕಾಲೊರಸಿನ ಅಳತೆ. ಒದ್ದೆಯಾದ ರಬ್ಬರ್ ಮ್ಯಾಟನ್ನು ಯಾರೋ ಸೀಟಿನ ಮೇಲೆ ಒಣಹಾಕಿದ್ದರು. ರಬ್ಬರ್ ಬಿರುಕು ಬಿಡದಿರಲಿ ಅಂತ ಅದಕ್ಕೆ ಬೆರೆಸುವ ವಸ್ತುಗಳು ವಿನೈಲಿಗೆ ದಾಟಿ ಕಂದಾಗುತ್ತವೆ. ಈ ಗುರುತು ಮತ್ತೆ ಹೋಗುವುದಿಲ್ಲ. ರಬ್ಬರ್ ಟ್ಯೂಬು, ಟಯರು, ಮ್ಯಾಟು ಯಾವುದೂ ಬಿಳಿ ಸೀಟಿಗೆ ತಾಗಬಾರದು. ಫೋಮ್ ಅಂಟಿಸಿದ ಗೋಂದು ಕೂಡ ಕೆಲವೊಮ್ಮೆ ಹಿಂದಿನಿಂದ ಹಳದಿಯಾಗಿ ಇಳಿದು ಬರುತ್ತದೆ, ಬ್ರಶ್ ಎಳೆದ ಗುರುತೇ ಮುಂದೆ ಕಾಣುತ್ತದೆ. ಸನ್‌ಸ್ಕ್ರೀನ್ ಹಚ್ಚಿದ ತೊಡೆ, ತೋಳು ಒರಗಿದ ಜಾಗವೂ ಕಾಲಕ್ರಮದಲ್ಲಿ ಹಳದಿ. ಡೀಟ್ ಇರುವ ಸೊಳ್ಳೆ ಸ್ಪ್ರೇ ಅದಕ್ಕಿಂತ ಕೆಟ್ಟದ್ದು, ವಿನೈಲನ್ನೇ ಮೆತ್ತಗೆ ಮಾಡುತ್ತದೆ. ಪ್ರವಾಸಿಗರಿಗೆ ಇದೆಲ್ಲ ಹಚ್ಚಬೇಡಿ ಅನ್ನಲಾಗುತ್ತದೆಯೇ? ಸಂಜೆ ಒಮ್ಮೆ ಒರೆಸಬಹುದು, ಅಷ್ಟೇ.

ತೊಳೆಯುವುದು, ಹಾಳು ಮಾಡುವುದು

ಅರ್ಧದಷ್ಟು ಸೀಟುಗಳು ತೊಳೆಯುವವರಿಂದಲೇ ಹಾಳಾಗುತ್ತವೆ ಅಂದರೆ ರೆಕ್ಸಿನ್ ಅಂಗಡಿಯವರು ತಲೆಯಾಡಿಸುತ್ತಾರೆ. ನಮ್ಮ ಕಡೆ ಸೀಮೆಎಣ್ಣೆಯಲ್ಲಿ ಒರೆಸುವ ರೂಢಿ ಇತ್ತು. ಒರೆಸಿದ ದಿನ ಫಳಫಳ. ಆದರೆ ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಎಲ್ಲವೂ ಒಳಗಿನ ಪ್ಲಾಸ್ಟಿಸೈಜರನ್ನು ಎಳೆದು ಹಾಕುತ್ತವೆ. ಎಣ್ಣೆ ಹೋದ ವಿನೈಲ್ ಮತ್ತೆ 1926ರ ಹಿಂದಿನ ಪಿವಿಸಿಯೇ, ಪೆಡಸು. ಬಗ್ಗಿದಲ್ಲಿ ಬಿರುಕು, ಬಿರುಕಲ್ಲಿ ನೀರು. ಕೊಬ್ಬರಿ ಎಣ್ಣೆ ಹಚ್ಚಿ ಹೊಳಪು ತರುವವರೂ ಇದ್ದಾರೆ. ಅದು ಧೂಳು ಹಿಡಿಯುತ್ತದೆ, ಬೂಷ್ಟಿಗೆ ಮೃಷ್ಟಾನ್ನ. ಮ್ಯಾಜಿಕ್ ಸ್ಪಂಜು ಅಂತ ಬರುವ ಬಿಳಿ ಮೆಲಮೈನ್ ತುಂಡು ಕೈಗೆ ಮೆತ್ತಗಿದ್ದರೂ ಕೆಲಸದಲ್ಲಿ ಸಣ್ಣ ಮರಳುಕಾಗದವೇ. ಕಲೆಯ ಜತೆ ಮೇಲಿನ ಲೇಪವನ್ನೂ ಉಜ್ಜುತ್ತದೆ. ಉಜ್ಜಿದ ಜಾಗ ಮುಂದಿನ ಸಲ ಬೇಗ ಕೊಳೆ ಹಿಡಿಯುತ್ತದೆ, ಇನ್ನೂ ಜೋರಾಗಿ ಉಜ್ಜುತ್ತೇವೆ.

ದಿನದ ಕೆಲಸಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ನಾಲ್ಕು ಹನಿ, ಉಗುರುಬೆಚ್ಚಗಿನ ನೀರು, ಮೆತ್ತನೆಯ ಬ್ರಶ್. ಹೊಲಿಗೆಯ ಸಂದಿಯಲ್ಲಿ ಹಳೇ ಟೂತ್‌ಬ್ರಶ್. ಆಮೇಲೆ ಬರೀ ನೀರು, ಕೊನೆಗೆ ಒಣಬಟ್ಟೆ. ಈ ಕೊನೆಯದನ್ನೇ ಎಲ್ಲರೂ ಬಿಡುವುದು. ಪ್ರೆಶರ್ ಪಂಪ್ ಹಿಡಿದು ಸೀಟು ತೊಳೆಯಬೇಡಿ, ಸೂಜಿ ತೂತಿನಿಂದ ಒಳಗೆ ನೀರು ಹೊಡೆಯಲು ಅದಕ್ಕಿಂತ ಒಳ್ಳೆಯ ಯಂತ್ರ ಇಲ್ಲ. ಕಪ್ಪು ಬೂಷ್ಟಿಗೆ ಮಾತ್ರ ಹತ್ತು ಪಾಲು ನೀರಿಗೆ ಒಂದು ಪಾಲು ದ್ರವ ಬ್ಲೀಚ್. ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ. ಐದು ನಿಮಿಷದೊಳಗೆ ಪೂರ್ತಿ ತೊಳೆದು ತೆಗೆಯಬೇಕು. ಹೊಲಿಗೆ ನೈಲಾನ್ ದಾರದ್ದಾದರೆ ಅದಕ್ಕೆ ಬ್ಲೀಚೂ ಆಗದು, ಬಿಸಿಲೂ ಆಗದು. ಇನ್ನು, ಬ್ಲೀಚ್ ಜತೆ ಅಮೋನಿಯಾ ಇರುವ ಕ್ಲೀನರನ್ನೋ ಆಸಿಡ್ಡನ್ನೋ ಯಾವ ಕಾರಣಕ್ಕೂ ಬೆರೆಸಬೇಡಿ. ಏಳುವ ಅನಿಲ ಶ್ವಾಸಕೋಶಕ್ಕೆ ವಿಷ. ದೋಣಿಯ ಕ್ಯಾಬಿನ್ನಿನಂಥ ಸಣ್ಣ ಜಾಗದಲ್ಲಿ ಇನ್ನೂ ಅಪಾಯ.

ನಮ್ಮ ಸೀಟಿಗೆ ಏನು ಮಾಡಿದೆವು? ಭಾವನ ಮೊದಲ ಯೋಚನೆ ಬರೀ ಮೇಲಿನ ಬಟ್ಟೆ ಬದಲಾಯಿಸುವುದು. ಅಂಗಡಿಯ ಹಿರಿಯರು ಆ ಕೆಲಸ ತೆಗೆದುಕೊಳ್ಳಲೇ ಇಲ್ಲ. "ಇದೇ ಫೋಮ್ ಹಾಕಿದರೆ ಮುಂದಿನ ವರ್ಷ ಮತ್ತೆ ಗುಲಾಬಿ ಬರುತ್ತದೆ, ನೀವು ಬಂದು ನನ್ನನ್ನು ಬೈಯುತ್ತೀರಿ" ಎಂದರು. ಫೋಮ್, ಮರ ಎರಡೂ ಹೊಸದು. ಪ್ಲೈವುಡ್ಡಿನ ಕತ್ತರಿಸಿದ ಅಂಚಿಗೆಲ್ಲ ನೀರು ಹೀರದ ಹಾಗೆ ಎಪಾಕ್ಸಿ ಅಂಟು ಬಳಿದರು, ಕೆಳಗೆ ನೀರಿಳಿಯಲು ರೂಪಾಯಿ ಅಗಲದ ತೂತುಗಳನ್ನು ಕೊರೆದು ಬಲೆ ಬಟ್ಟೆ ಹಾಕಿದರು. ಪೈಪಿಂಗಿಗೆ ಹತ್ತಿ ಹುರಿ ಬದಲು ಪ್ಲಾಸ್ಟಿಕ್ಕಿನದು, ಹೊಲಿಗೆಗೆ ಪಾಲಿಯೆಸ್ಟರ್ ದಾರ, ಪಿನ್ನು ಸ್ಟೇನ್‌ಲೆಸ್. ಹೊದಿಕೆಗೆ ಮರೀನ್ ವಿನೈಲ್, ಬಣ್ಣ ಬಿಳಿ ಬಿಟ್ಟು ತಿಳಿ ಬೂದು.

ದುಡ್ಡು ಆರು ಸೀಟಿಗೆ ಮಾತ್ರ ಸಾಲಿತು. ಏಳನೆಯದು ಅತ್ತ ಎಂಜಿನ್ ಪಕ್ಕದಲ್ಲಿದೆ, ಗುಲಾಬಿ ಮಚ್ಚೆ ಹಾಗೇ ಇಟ್ಟುಕೊಂಡು. ಎರಡು ಮಳೆಗಾಲ ಕಳೆದವು. ಬೂದು ಸೀಟುಗಳು ಸದ್ಯಕ್ಕೆ ಬೂದಾಗಿಯೇ ಇವೆ. ಎಂಜಿನ್ ಪಕ್ಕದ್ದರಲ್ಲಿ ಮಚ್ಚೆ ಒಂದು ಬೆರಳು ಅಗಲ ಬೆಳೆದಿದೆ. ಭಾವ ಅದರ ಸುತ್ತ ಪೆನ್ನಿನಲ್ಲಿ ಗೆರೆ ಎಳೆದಿದ್ದಾನೆ, ಪ್ರತಿ ಸೆಪ್ಟೆಂಬರ್‌ನಲ್ಲಿ ನೋಡೋಣ ಅಂತ.